ನೆತ್ತಿಯ ಮೇಲಿನ ಗೆರೆ

ನನ್ನ ಹೆಂಡತಿ ಮುರಿಗೆವ್ವ ಲಿಂಗೈಕ್ಯಳಾದ ಮೇಲೆ ಮೊದಲ ಸಲ ಕ್ಷೌರಕ್ಕೆ ಹೋದಾಗ, ಹಡಪದ ರಾಚಪ್ಪ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿ, ತಲೆಯ ಮೇಲೆ ಅಂಗೈ ಆಡಿಸಿ ನೋಡಿ, ಕಟ್ಟಿದ ಬಟ್ಟೆಯನ್ನು ಮತ್ತೆ ಬಿಚ್ಚಿದ.

"ಏಳ್ರಿ ಯಜಮಾನ್ರ. ಕತ್ತರಿಸಾಕ ಏನೂ ಇಲ್ಲ. ಹ್ವಾದ ಸಲ ನಾ ಎಲ್ಲಿಗೆ ಬಿಟ್ಟಿದ್ನೋ ಅಲ್ಲೇ ನಿಂತೈತಿ."

ಕನ್ನಡಿಯಲ್ಲಿ ನೋಡಿಕೊಂಡೆ. ಅವನು ಹೇಳಿದ್ದು ನಿಜವಾಗಿತ್ತು. ಅವನೇ ನನ್ನ ಕೈ ಎತ್ತಿ ಉಗುರುಗಳನ್ನೂ ನೋಡಿದ.

"ಗ್ವಾಡಿ ಮ್ಯಾಲೆ ಬಂದೈತೇನ್ರಿ?"

"ಬಂದೈತಿ."

"ಲಗೂನ ಗೆರಿ ದಾಟಿಸ್ಕೋರಿ. ಊರಾಗ ಇನ್ನೊಂದು ನಾಕು ಮನಿ ಹಿಂಗಾದ್ರ ನಾ ಅಂಗಡಿ ಕದಾ ಹಾಕಿ ದನಾ ಕಾಯಾಕ ಹೋಗಬೇಕಾಗ್ತೈತಿ" ಎಂದು ನಕ್ಕ. ನಾನೂ ನಕ್ಕೆ. ನಮ್ಮ ಊರಿನಲ್ಲಿ ಸಾವಾದ ಮನೆಯವರೊಡನೆ ಹೀಗೆ ನಗುವುದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ.

ನನ್ನ ಗೋಡೆಯ ಮೇಲೆ ಬಂದದ್ದು ಎಲ್ಲರ ಮನೆಯಲ್ಲೂ ಬರುವಂಥದ್ದೇ. ಸಮಾಧಿಯಿಂದ ಮರಳಿ, ಕೈಕಾಲು ತೊಳೆದು ಒಳಗೆ ಹೋದಾಗ, ಪಡಸಾಲೆಯ ಸುಣ್ಣದ ಗೋಡೆಯಲ್ಲಿ ತೇವ ಒಡೆದಂತೆ ಸಮೀಕರಣ ಮೂಡಿತ್ತು. ಎಡಕ್ಕೆ ಅನುಕಲನದ ಉದ್ದನೆಯ ಕೊಕ್ಕೆ. ಕೊಕ್ಕೆಯ ಕೆಳತುದಿಯಲ್ಲಿ ನಮ್ಮ ಮುಂಬಾಗಿಲಿನ ಗುರುತು, ಮೇಲ್ತುದಿಯಲ್ಲಿ ಹಿತ್ತಿಲ ಬಾಗಿಲಿನ ಗುರುತು. ಕೊಕ್ಕೆಯ ಪಕ್ಕದಲ್ಲಿ ಎರಡೇ ಅಕ್ಷರ. ನನ್ನ ಹೆಸರು ಅಡಿವೆಪ್ಪ, ಹಾಗಾಗಿ 'ಅ' ನಾನು. 'ಮು' ಅವಳು. ಅವಳ ಅಕ್ಷರದ ನೆತ್ತಿಯ ಮೇಲೆ ಒಂದು ಸಣ್ಣ ಗೆರೆ.

ಆ ಗೆರೆ ಯಾರ ನೆತ್ತಿಯ ಮೇಲಿದೆಯೋ ಅವರು ಬದಲಾಗುತ್ತ ಹೋಗುತ್ತಾರೆ. ಯಾರ ನೆತ್ತಿ ಬರಿದೋ ಅವರು ಇದ್ದಲ್ಲೇ ಇರುತ್ತಾರೆ. ಸಾವಾದಾಗ ಗೆರೆ ಯಾವಾಗಲೂ ಸತ್ತವರ ಮೇಲೇ ಬರುತ್ತದೆ. ಅದನ್ನು ಅವರ ನೆತ್ತಿಯಿಂದ ಇಳಿಸಿ ಬದುಕಿದವರ ನೆತ್ತಿಗೆ ಏರಿಸುವ ಹಾಗೆ ಸಮೀಕರಣವನ್ನು ತಿರುಗಿ ಬರೆಯುವುದಕ್ಕೆ ಪುಸ್ತಕದವರು ಭಾಗಶಃ ಅನುಕಲನ ಎನ್ನುತ್ತಾರೆ. ಊರಿನವರು ಗೆರೆ ದಾಟಿಸುವುದು ಎನ್ನುತ್ತಾರೆ. ಬಣ್ಣ ಬಳಿಯುವವರು ಮನೆಗೆ ಬಂದರೆ ಮೊದಲು ಯಾವ ಗೋಡೆ ಎಂದು ಕೇಳಿ ಅದನ್ನು ಬಿಟ್ಟು ಬಳಿಯುತ್ತಾರೆ. ಮಾತಾಡಿಸಲು ಬಂದ ನೆಂಟರು ಸಮೀಕರಣಕ್ಕೆ ಬೆನ್ನು ಮಾಡಿ ಕೂರುವುದಿಲ್ಲ. ಹೊಸ್ತಿಲಲ್ಲಿ ನಿಂತು ಮಾತಾಡುವ ರೂಢಿಯಂತೂ ನಮ್ಮಲ್ಲಿ ಇಲ್ಲವೇ ಇಲ್ಲ. ಒಳಗಾದರೆ ಒಳಗೆ, ಹೊರಗಾದರೆ ಹೊರಗೆ.

ನಾನು ವಿಭೂತಿ ಮಾಡುವವನು. ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಅರಿವೆಯಲ್ಲಿ ಸೋಸಿ, ತಳಕ್ಕೆ ಇಳಿದದ್ದನ್ನು ಗಟ್ಟಿ ಕಟ್ಟಿ ಒಣಗಿಸುತ್ತೇನೆ. ಮುರಿಗೆವ್ವನನ್ನು ಕೂರಿಸಿದ ಸಮಾಧಿಯ ಕುಣಿಗೆ ಹಾಕಿದ ವಿಭೂತಿಯೂ ನಾನೇ ಕಟ್ಟಿದ್ದು. ಆ ಗಟ್ಟಿಗಳನ್ನು ಅವಳ ಸುತ್ತಲೂ ಇಡುವಾಗ, ಶಿವನು ಕೊಟ್ಟದ್ದನ್ನು ಶಿವನಿಗೆ ಒಪ್ಪಿಸಿದೆನೆಂದು ಬಾಯಿಯಲ್ಲಿ ಹೇಳಿದೆ. ಮನಸ್ಸಿನಲ್ಲಿ ಒಪ್ಪಿಸಿರಲಿಲ್ಲ.

ಅದಕ್ಕೇ ಗೆರೆ ದಾಟಿಸಲು ನಾನು ಅವಸರ ಮಾಡಲಿಲ್ಲ. ಗೆರೆ ಅವಳ ಮೇಲಿರುವವರೆಗೆ ಅವಳ ದನಿ ಅಡುಗೆಮನೆಯಲ್ಲಿ ಇತ್ತು. ಮಧ್ಯಾಹ್ನ ಹಿತ್ತಿಲಲ್ಲಿ ಬೂದಿ ಸೋಸುತ್ತಿದ್ದರೆ, "ಹಾಲು ಉಕ್ಕತೈತಿ ನೋಡ್ರೀ" ಎನ್ನುತ್ತಿದ್ದಳು. ಒಲೆಯ ಮೇಲೆ ಹಾಲು ಇರುತ್ತಿರಲಿಲ್ಲ. ಆದರೂ ಎದ್ದು ಹೋಗಿ ನೋಡಿ ಬರುತ್ತಿದ್ದೆ. ಊಟಕ್ಕೆ ಕುಳಿತರೆ, "ಇನ್ನೊಂದು ಚೂರು ಖಾರದ ಹಿಂಡಿ ಹಚ್ಕೋರಿ, ಬಾಯಿ ಸಪ್ಪಗ ಮಾಡ್ಕೊಂಡು ಉಣಬ್ಯಾಡ್ರಿ" ಎನ್ನುತ್ತಿದ್ದಳು. ಇಷ್ಟು ಉಳಿದಿದ್ದರೆ ಸಾಕಲ್ಲ, ಇದನ್ನೇಕೆ ಕೆಡಿಸಿಕೊಳ್ಳಲಿ ಎಂದುಕೊಂಡೆ.

ಗಾಣಿಗೇರ ಓಣಿಯ ಮನೆಯೊಂದನ್ನು ನಾನು ನೋಡದವನಲ್ಲ. ಅಲ್ಲಿ ಅಜ್ಜ ತೀರಿಕೊಂಡಾಗ ಗೆರೆ ದಾಟಿಸದೆ ಬಿಟ್ಟರು. ಆಗ ತೊಟ್ಟಿಲಲ್ಲಿದ್ದ ಕೂಸು ಇಂದಿಗೂ ತೊಟ್ಟಿಲಲ್ಲಿದೆ. ಅದರ ಓರಗೆಯ ಹುಡುಗಿಯರು ಮದುವೆಯಾಗಿ ತವರಿಗೆ ಬಂದಾಗ ತಮ್ಮ ಮಕ್ಕಳಿಗೆ ಸಣ್ಣದಾದ ಕುಂಚಿಗೆಯನ್ನು ಅದಕ್ಕೆ ತೊಡಿಸಿ ಹೋಗುತ್ತಾರೆ. ಅಜ್ಜನ ದನಿ ಬದಲಾಗುತ್ತ ಬದಲಾಗುತ್ತ ಈಗ ಮನುಷ್ಯರ ದನಿಯಾಗಿ ಉಳಿದಿಲ್ಲ. ಆ ಕಡೆ ಹಾದು ಹೋದರೆ ಹಂಡೆಯೊಳಗೆ ಮರಳು ಸುರಿದ ಹಾಗೆ ಕೇಳುತ್ತದೆ. ಸೊಸೆ ಆ ಸದ್ದಿನ ಮುಂದೆ ಹೊತ್ತು ಹೊತ್ತಿಗೆ ಚಹಾ ಇಟ್ಟು ಬರುತ್ತಾಳೆ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಮುರಿಗೆವ್ವ ಹಾಗಾಗುವುದಿಲ್ಲ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಅವಳು ಒಳಗಿನಿಂದ ನನ್ನನ್ನು ಹೆಸರು ಹಿಡಿದು ಕರೆದಳು.

"ಅಡಿವೆಪ್ಪಾ."

ಮದುವೆಯಾದಂದಿನಿಂದ ಅವಳ ಬಾಯಲ್ಲಿ ನನ್ನ ಹೆಸರು ಬಂದಿರಲಿಲ್ಲ. ಗಂಡನ ಹೆಸರನ್ನು ಒಗಟಿನಲ್ಲಿಟ್ಟು ಹೇಳೆಂದು ಹೆಂಗಸರು ಕಾಡಿದ ದಿನವೂ ಸೆರಗು ಬಾಯಿಗೆ ಇಟ್ಟುಕೊಂಡು ಕುಳಿತವಳು ಅವಳು. ಆ ದನಿಯಲ್ಲಿ ಸಲಿಗೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸಂತೆಯಲ್ಲಿ ಯಾವನೋ ಹಗ್ಗ ಮಾರುವವನನ್ನು ಕರೆದಂತೆ ಇತ್ತು. ನಾನು ಓಗೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳು ತನಗೆ ತಾನೇ, "ಅಡಿವೆಪ್ಪ ಅಂದ್ರ ಯಾರು?" ಎಂದಳು.

ಕೈಯಲ್ಲಿದ್ದ ಬೂದಿಯ ನೀರು ತಣ್ಣಗಾಯಿತು. ಅಂದೇ ಅವಳ ತಮ್ಮ ಗುರುಪಾದನಿಗೆ ಹೇಳಿ ಕಳಿಸಿದೆ.

ಗುರುಪಾದ ಪಕ್ಕದ ಪೇಟೆಯ ಸಾಲೆಯಲ್ಲಿ ಮಾಸ್ತರ. ಅಕ್ಕ ಎಂದರೆ ಅವನಿಗೆ ತಾಯಿಯೇ; ಅವನನ್ನು ಎತ್ತಿ ಆಡಿಸಿದವಳು ಅವಳು. ಬಂದವನು ಗೋಡೆಯ ಮುಂದೆ ನಿಂತು, ಅಂಗಿಯ ತೋಳು ಮಡಚಿ, "ಇದಕ್ಕ ಬ್ಯಾರೆಯವರು ಯಾಕ ಬೇಕ್ರಿ ಭಾವಾರ? ಕಾಲೇಜಿನಾಗ ನಾನೂ ಓದೀನಿ" ಎಂದ. ಸೀಮೆಸುಣ್ಣ ತೆಗೆದುಕೊಂಡ. "ಎರಡು ಅಕ್ಷರದಾಗ ಯಾವುದರೆ ಒಂದನ್ನ ಮೊದಲನೇದು ಅಂತ ಆರಿಸ್ಕೋಬೇಕು. ಇನ್ನೊಂದು ಎರಡನೇದು."

"ಮೊದಲು ಯಾರನ್ನ ಬರೀತಿ?" ಎಂದು ಕೇಳಿದೆ.

ಅವನು ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. "ಇದೂ ಕೇಳೂ ಮಾತೇನ್ರಿ? ಅಕ್ಕನ್ನ. ಬದುಕಿರೂತನಕ ಆಕಿ ನೀವು ಉಂಡ ಮ್ಯಾಲೆ ಉಂಡ್ಳು, ನೀವು ಮಲಗಿದ ಮ್ಯಾಲೆ ಮಲಗಿದ್ಳು. ಸತ್ತ ಮ್ಯಾಲೂ ನಿಮ್ಮನ್ನ ಮುಂದ ಬರದು ಆಕಿನ್ನ ಹಿಂದ ನಿಲ್ಲಸ್ಲೇನು? ನನ್ನ ಕೈಲೆ ಆಗಂಗಿಲ್ಲ."

ಅವನು ಅಕ್ಕನನ್ನೇ ಮೊದಲು ಬರೆದ. ಸೀಮೆಸುಣ್ಣದ ಗೆರೆಗಳನ್ನು ಗೋಡೆ ನೀರು ಕುಡಿದಂತೆ ಒಳಗೆ ಎಳೆದುಕೊಂಡಿತು. ನೋಡುತ್ತಿದ್ದಂತೆ 'ಮು' ಅಕ್ಷರದ ನೆತ್ತಿಯ ಮೇಲೆ ಇನ್ನೊಂದು ಗೆರೆ ಎದ್ದಿತು.

ಮರುದಿನದಿಂದ ಮನೆಯಲ್ಲಿ ಇರುವುದು ಕಷ್ಟವಾಯಿತು. ಮೊದಲು ವಾರಕ್ಕೊಮ್ಮೆ ಬದಲಾಗುತ್ತಿದ್ದ ಅವಳು ಈಗ ಊಟದಿಂದ ಊಟಕ್ಕೆ ಬದಲಾಗತೊಡಗಿದಳು. ಬೆಳಿಗ್ಗೆ ದಪ್ಪಗಿದ್ದ ದನಿ ಮಧ್ಯಾಹ್ನಕ್ಕೆ ಎಳೆಯ ಹುಡುಗಿಯದಾಗಿ, ಸಂಜೆ ನನಗೆ ತಿಳಿಯದ ಯಾವುದೋ ಸೀಮೆಯ ಹೆಂಗಸಿನ ದನಿಯಾಗುತ್ತಿತ್ತು. ನಾನು ಇದ್ದಲ್ಲಿ ಇದ್ದೆ, ಆದರೆ ನನ್ನದೆಲ್ಲ ಒಟ್ಟುಗೂಡುತ್ತ ಹೋಯಿತು. ಬೆಳಿಗ್ಗೆ ಕೆಮ್ಮಿದ ಕೆಮ್ಮು ಮಾಡಿನ ಕೆಳಗೇ ಉಳಿದು, ಆಮೇಲಿನ ಕೆಮ್ಮು ಅದರ ಮೇಲೆ ಕೂಡಿ, ಸಂಜೆಗೆ ಮನೆ ತುಂಬ ಮುದುಕರು ಕುಳಿತು ಕೆಮ್ಮುತ್ತಿರುವ ಹಾಗಾಯಿತು. ಪಡಸಾಲೆ ದಾಟಿದರೆ ಹಿಂದೆ ನಡೆದ ಹೆಜ್ಜೆಗಳೆಲ್ಲ ಜೊತೆಗೆ ನಡೆದವು. ಅವುಗಳ ನಡುವೆ ಅಡುಗೆಮನೆಯಿಂದ ಅವಳು, "ಈ ಮನ್ಯಾಗ ಎಷ್ಟು ಮಂದಿ ಗಂಡಸರು ಅದಾರವಾ!" ಎಂದು ಯಾರಿಗೋ ಹೇಳುತ್ತಿದ್ದಳು.

ಗುರುಪಾದ ಅದನ್ನು ಕೇಳಿ ನೆಲದ ಮೇಲೆ ಕುಕ್ಕರಿಸಿದ. "ಭಾವಾರ, ನಾನೇ ಅಕ್ಕನ್ನ ಕೈಯಾರೆ ದೂಡಿದ್ನಿ" ಎಂದ. ಆಗ ಇಬ್ಬರೂ ಜುಲೇಖಾ ಮೇಡಂ ಬಳಿಗೆ ಹೋದೆವು.

ಮೇಡಂ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮುಚ್ಚಿಹೋದ ಹತ್ತಿ ಜಿನ್ನಿನ ಕಾರ್ಖಾನೆಯ ಹಿಂದೆ ತಗಡಿನ ಚಪ್ಪರದಲ್ಲಿ ಹಲಗೆ ಇಟ್ಟುಕೊಂಡು, ಗೆರೆ ದಾಟಿಸಲು ಬರುವವರಿಗೆ ನೆರವಾಗುತ್ತಾರೆ. ಅಂದು ಬೆಂಚಿನ ಮೇಲೆ ನಮ್ಮಂಥ ಇನ್ನೂ ಕೆಲವರು ಗೋಡೆಯ ನಕಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಯಾರ ಗಡ್ಡವೂ ಬೆಳೆದಿರಲಿಲ್ಲ. ನಮ್ಮ ಸರದಿ ಬಂದಾಗ ಗುರುಪಾದ ನಕಲನ್ನು ಮುಂದಿಟ್ಟ. ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡಿದರು.

"ಎರಡು ಗೆರಿ! ಯಾರು ಬರದವರು ಈ ಪುಣ್ಯಾ ಕಟಗೊಂಡವರು?"

ಗುರುಪಾದ ಕಾಲ್ಬೆರಳು ನೋಡುತ್ತ ನಿಂತ.

"ಮಾಸ್ತರು ಇರಬೇಕು ನೀವು. ಮಾಸ್ತರೇ ಹಿಂಗ ಮಾಡೋದು. ಸತ್ತವರಿಗೆ ಮಾನಾ ಕೊಡಬೇಕಂತ ಮೊದಲು ಬರದ್ರಿ, ಹೌದಲ್ಲೋ? ಈ ಊರಾಗ ಎಲ್ಲಾರದೂ ಇದೊಂದೇ ತಪ್ಪು. ಪಂಕ್ತಿಯೊಳಗ ಎಲಿ ಹಾಕಿದಂಗ ಹಿರಿಯರು ಮೊದಲು ಅಂತೀರಿ. ಇಲ್ಲಿ ಮೊದಲು ಕುಂತವರ ತಲೀ ಮ್ಯಾಲೇನ ಗೆರಿ ಬೀಳೋದು, ಮಾಸ್ತರ. ಹಿಂದ ಕುಂತವರ ತಲಿಯಿಂದ ಗೆರಿ ಇಳೀತದ. ನಿಮ್ಮ ಅಕ್ಕಾರು ಹಿಂದ ಕುಂತ್ರೇನ ತಣ್ಣಗ ಇರ್ತಾರ."

"ಆತ್ರಿ ಮೇಡಂ" ಎಂದ ಅವನು, ಸಾಲೆಯ ಹುಡುಗನ ಹಾಗೆ.

"ಮತ್ತ ಇವರನ್ನ ಹಿಂದ ಕುಂದ್ರಿಸಿದ್ರಿ, ಇಳಿಯಾಕ ಇವರ ಮ್ಯಾಲೆ ಗೆರಿನೇ ಇಲ್ಲ, ಇವರದು ಎಲ್ಲಾ ಗುಡ್ಡಿ ಬಿದ್ದಿರಬೇಕು. ಕೆಮ್ಮು, ಹೆಜ್ಜಿ?"

"ಮನಿ ತುಂಬೈತ್ರಿ ತಾಯಿ" ಎಂದೆ.

ಅವರು ಆ ಹೊತ್ತೇ ಎದ್ದು ನಮ್ಮ ಜೊತೆ ಬಂದರು. ಹೊಸ್ತಿಲನ್ನು ದಾಟಿ ಒಳಗೆ ಬಂದು, ಅಡುಗೆಮನೆಯ ಕಡೆ ಮುಖ ಮಾಡಿ, "ಮುರಿಗೆವ್ವಾರ, ನಾನ್ರಿ ಜುಲೇಖಾ. ಉಪ್ಪಿನಕಾಯಿ ಹಾಕೋದು ನಿಮ್ಮ ಕಡಿಂದನ ಕಲ್ತಿದ್ದೆ" ಎಂದರು. ಒಳಗಿನಿಂದ ಚೂಪಾದ, ಹೊಸತಾದ ಒಂದು ದನಿ, "ಉಪ್ಪಿನಕಾಯಿ ಅಂದ್ರ ಏನದು?" ಎಂದಿತು. ಮೇಡಂ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡರು. ನಮಗೆ ಮಾತ್ರ ಕೇಳುವಂತೆ, "ಬ್ಯಾಗ ಮಾಡಬೇಕು. ತನ್ನ ಹೆಸರು ಕೇಳಿದ್ರ ಇನ್ನೂ ಓಗೊಡ್ತಾರ. ಅದೂ ಹೋತಂದ್ರ ಗ್ವಾಡಿ ಮ್ಯಾಲಿನ ಅಕ್ಷರ ಯಾರದು ಅಂತ ಹೇಳೋರೇ ಇರಂಗಿಲ್ಲ. ಆಮ್ಯಾಲೆ ನಾ ಬರದೂ ಉಪಯೋಗಿಲ್ಲ" ಎಂದರು.

ಒದ್ದೆ ಅರಿವೆಯಿಂದ ಗುರುಪಾದ ಬರೆದದ್ದನ್ನು ಮೆಲ್ಲಗೆ ಒರೆಸಿದರು. ಒಂದು ಸಲಕ್ಕೆ ಹೋಗಲಿಲ್ಲ. ಹಿಂದಿನಿಂದ ಮುಂದಕ್ಕೆ, ಅವನು ಬಂದ ದಾರಿಯಲ್ಲೇ ತಿರುಗಿ ಬರೆಯುತ್ತ ಒರೆಸುತ್ತ ಹೋದ ಮೇಲೆ ಒಂದು ಗೆರೆ ಅಳಿಸಿತು. ಮನೆಯೊಳಗಿನ ಕೆಮ್ಮುಗಳು ಒಂದೊಂದಾಗಿ ನಿಂತವು.

"ಈಗ ನಿಮ್ಮನ್ನ ಮೊದಲು ಬರೀತೀನಿ. ಅದಕ್ಕ ಮುಂಚೆ ನೀವು ಎಂಥವರು ಅಂತ ಗೊತ್ತಾಗಬೇಕು. ಅಕ್ಕಾರು ಇದ್ದಾಗ ನಿಮ್ಮ ದಿನಾ ಹೆಂಗಿತ್ತು ಹೇಳ್ರಿ."

ಹೇಳಿದೆ. ಬೆಳಗಾಗುವ ಮುಂಚೆ ಏಳುವುದು, ಜಳಕ, ಲಿಂಗಪೂಜೆ, ಬೂದಿ, ಊಟ, ಮತ್ತೆ ಬೂದಿ, ಸಂಜೆಯ ಪೂಜೆ, ಊಟ, ನಿದ್ದೆ.

"ಇದಕ್ಕೂ ಮುಂಚೆ? ವಯಸ್ಸಿನಾಗ?"

"ಅದೇ ರೀ."

"ಎಲ್ಲೆರೆ ಹೋಗಿದ್ದು, ಬಂದಿದ್ದು? ಯಾರ ಮ್ಯಾಲರೆ ಸಿಟ್ಟು? ಒಂದು ದಿನಾ ಪೂಜಿ ತಪ್ಪಿದ್ದು?"

"ಶಿವನ ದಯಾದಿಂದ ಒಂದು ದಿನಾನೂ ತಪ್ಪಿಲ್ಲ" ಎಂದೆ. ಆ ಮಾತು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಮೇಡಂ ಸೀಮೆಸುಣ್ಣವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. "ಹಂಗಾರ ಕಷ್ಟ ಅದ ಯಜಮಾನ್ರ. ಗೆರಿ ನಿಮ್ಮ ನೆತ್ತಿಗೆ ಬಂದ್ರ ಹಿಡ್ಕೊಳ್ಳಾಕ ಅಲ್ಲಿ ಏನರೆ ಬದಲಾಗೋದು ಇರಬೇಕು. ಬದಲಾಗದವರ ಮ್ಯಾಲೆ ಗೆರಿ ಹಾಕಿದ್ರ ಅದು ಸೊನ್ನಿ. ಒಳಗಿನದೆಲ್ಲಾ ಸೊನ್ನಿ. ಆಗ ಉಳಿಯೋದು ಎರಡು ತುದಿ ಅಷ್ಟೇ."

"ತುದಿ ಅಂದ್ರ?"

"ಮುಂಬಾಗಲಾ, ಹಿತ್ತಲ ಬಾಗಲಾ. ಅಕ್ಕಾರು ಮನಿ ಒಳಗಿಂದ ಪೂರಾ ಹೋಗಿ ಆ ಎರಡು ಹೊಸ್ತಿಲ ಮ್ಯಾಲೆ ನಿಲ್ತಾರ. ಒಂದರಾಗ ಕೂಡಿಸಿದವರು, ಒಂದರಾಗ ಕಳದವರು. ಕುಂಬಾರ ಕಟ್ಟಿ ಹತ್ರ ಕಿಟಕಿ ಮನಿ ನೋಡೀರಲ್ಲ?"

ನೋಡಿದ್ದೆ. ಆ ಮನೆಯವರು ಎರಡೂ ಬಾಗಿಲಿಗೆ ಇಟ್ಟಿಗೆ ಕಟ್ಟಿ, ಕಿಟಕಿಯ ಸರಳು ತೆಗೆಸಿ, ಅದರಲ್ಲೇ ಹತ್ತಿ ಇಳಿಯುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸಿದ್ದೂ ಅದೇ ಕಿಟಕಿಯಿಂದ. ಇಟ್ಟಿಗೆಯ ಹಿಂದೆ ಯಾರೋ ಉಸಿರಾಡುವುದು ರಸ್ತೆಗೆ ಕೇಳುತ್ತದೆ.

"ಏನರೆ ಬದಲ್ ಮಾಡ್ತೀನ್ರಿ ತಾಯಿ. ನಾಳಿಂದ ಮುಂಜಾನೆ ಬೂದಿ ಬಿಡ್ತೀನಿ, ಮಧ್ಯಾಹ್ನ ಹಿಡೀತೀನಿ. ಮೂಡಣಕ್ಕ ತಲಿ ಮಾಡಿ ಮಲಗ್ತೀನಿ" ಎಂದೆ.

ಅವರು ಅದನ್ನು ಗೋಡೆಯ ಮೇಲೆ ಬರೆದು ನೋಡಿದರು. ಸೀಮೆಸುಣ್ಣ ಎಣ್ಣೆಯ ಮೇಲೆ ಎಳೆದಂತೆ ಜಾರಿತು. ಗೋಡೆ ಒಪ್ಪಲಿಲ್ಲ. "ಇದು ಬರೇ ವೇಳಾಪತ್ರಿಕೆ ಯಜಮಾನ್ರ" ಎಂದರು. ಸ್ವಲ್ಪ ಯೋಚಿಸಿ, "ಲಿಂಗಪೂಜಿ ಆದ ಮ್ಯಾಲೆ ಏನರೆ ಕೇಳ್ಕೋತೀರೇನು?" ಎಂದರು.

"ಕೇಳ್ಕೋತೀನಿ. ಲಿಂಗ ಅಂಗೈಯಾಗ ಇಟ್ಕೊಂಡು, ಮುರಿಗೆವ್ವನ ಮೈ ಆರಾಮ ಇಡಪಾ ಅಂತೀನಿ."

ಮದುವೆಯಾದ ವರ್ಷ ಅವಳಿಗೆ ವಿಷಮಜ್ವರ ಬಂದು, ಉಳಿಯುವುದಿಲ್ಲವೆಂದು ವೈದ್ಯರು ಕೈಬಿಟ್ಟಿದ್ದರು. ಆಗ ಹಿಡಿದ ಬೇಡಿಕೆ ಅದು. ಉಳಿದಳು. ಬಿಟ್ಟರೆ ಎಲ್ಲಿ ಮತ್ತೆ ಜ್ವರ ಬರುತ್ತದೋ ಎಂದು ಬಿಡಲಿಲ್ಲ.

"ಈಗ ಏನು ಕೇಳ್ಕೋತೀರಿ?" ಎಂದರು ಮೇಡಂ, ತುಂಬ ಮೆಲ್ಲಗೆ.

ನಾನು ಬಾಯಿ ತೆರೆದೆ. ಅಂದಿನ ಮುಂಜಾನೆ ನಾನು ಏನು ಬೇಡಿದ್ದೆನೆಂದು ಆಗ ನೆನಪಿಗೆ ಬಂತು. ಅದಕ್ಕೆ ಹಿಂದಿನ ಮುಂಜಾನೆಯೂ, ಅವಳನ್ನು ಕುಣಿಯಲ್ಲಿ ಕೂರಿಸಿ ಬಂದ ಮರುದಿನವೂ ಬೇಡಿದ್ದು ಅದೇ. ಮುರಿಗೆವ್ವನ ಮೈ ಆರಾಮ ಇಡಪಾ. ನನಗೆ ಅದು ತಪ್ಪೆಂದು ಒಮ್ಮೆಯೂ ತೋರಿರಲಿಲ್ಲ.

"ಅದನ್ನೇ ರೀ" ಎಂದೆ. ಗುರುಪಾದ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಹಿತ್ತಿಲ ಕಡೆ ಎದ್ದು ಹೋದ.

ಮೇಡಂ ಸೀಮೆಸುಣ್ಣವನ್ನು ಸುಣ್ಣದ ನೀರಿನಲ್ಲಿ ಅದ್ದಿ, ನನ್ನನ್ನು ಮೊದಲು ಮುರಿಗೆವ್ವನನ್ನು ಆಮೇಲೆ ಮಾಡಿ, ಹೊಸ ಸಾಲನ್ನು ಬರೆದರು. ಎರಡು ತುದಿಗಳನ್ನು ಕಂಸದಲ್ಲಿ ಇಟ್ಟರು. ಅದರ ಮುಂದೆ ಕಳೆಯುವ ಚಿಹ್ನೆ, ಮತ್ತೆ ಕೊಕ್ಕೆ, ಗೆರೆ ಇಳಿದ 'ಮು', ಗೆರೆ ಏರಿದ 'ಅ'. ಬರೆದದ್ದು ಗೋಡೆಯ ಮೇಲೆ ಒದ್ದೆಯಾಗಿ ನಿಂತಿತು. ಒಳಗೂ ಹೋಗಲಿಲ್ಲ, ಜಾರಲೂ ಇಲ್ಲ.

"ನಾಳೆ ಮುಂಜಾನೆತನಕ ಇದು ಹಸೀ ಇರ್ತದ. ಒಣಗೋದರೊಳಗ ನೀವು ಇದ್ದಲ್ಲಿಂದ ಸರೀಬೇಕು. ಆ ಬೇಡಿಕಿ ಬಿಡಬೇಕು. ಒಂದು ಬಿಟ್ಟು ಇನ್ನೊಂದನ್ನ ಗಟ್ಟಿಯಾಗಿ ಹಿಡ್ಕೊಂಡು ಕೂತ್ರೂ ಆಗಂಗಿಲ್ಲ. ಇನ್ನು ಮ್ಯಾಲೆ ದಿನಾ ಸರೀತಿರಬೇಕು. ಒಣಗೋತನಕ ನೀವು ಹೊಸ್ತಿಲ ಹತ್ರ ಹೋಗಬ್ಯಾಡ್ರಿ, ಮನಿ ನಡುವ ಕುಂದರ್ರಿ. ತುದಿಯಾಗ ನೀವು ಇರದಿದ್ರ ಅಲ್ಲಿ ಅಕ್ಕಾರೂ ನಿಲ್ಲಂಗಿಲ್ಲ. ಈ ಕಳಿಯೋ ಚಿಹ್ನಿ ನೋಡ್ರಿ, ಇದನ್ನ ಮಾತ್ರ ನಾ ತಗಿಯಾಕ ಬರಂಗಿಲ್ಲ. ನೀವು ಎಷ್ಟು ಸರೀತೀರೋ ಅಷ್ಟು ಅಕ್ಕಾರಿಂದ ದೂರ ಹೋಗ್ತೀರಿ."

"ಆಕಿ ಹೆಂಗ ಉಳೀತಾಳ್ರಿ?"

"ಗೆರಿ ಇಳಿಯೋ ಹೊತ್ತಿನಾಗ ಎಲ್ಲಿ ಇರ್ತಾರೋ ಅಲ್ಲೇ. ಕಳಕೊಂಡಿದ್ದು ತಿರುಗಿ ಬರಂಗಿಲ್ಲ. ಇದ್ದಿದ್ದು ಹೋಗಂಗಿಲ್ಲ."

"ಮತ್ತ ನಾ ಏನು ಬೇಡಲಿ ತಾಯಿ?"

ಅವರು ಹೊರಡಲು ಎದ್ದರು. "ಅದು ಗಣಿತ ಅಲ್ರಿ, ನನ್ನ ಕೇಳಬ್ಯಾಡ್ರಿ. ನಮ್ಮ ಮನಿಯವರು ಹ್ವಾದ ಮ್ಯಾಲೆ ನಾ ನಮಾಜಿನಾಗ ಏನು ಕೇಳ್ಕೋತೀನಿ ಅಂತ ನಮ್ಮ ಮಗಳಿಗೂ ಹೇಳಿಲ್ಲ."

ಅಂದು ಸಂಜೆ ದೀಪ ಹಚ್ಚಿ ಗುರುಪಾದನೂ ನಾನೂ ಪಡಸಾಲೆಯ ನಡುವೆ ಕುಳಿತೆವು. ಒಳಗೆ ಅವಳು ಪಾತ್ರೆಗಳನ್ನು ಒಂದೊಂದಾಗಿ ಮುಟ್ಟುತ್ತ ಹೆಸರು ಹೇಳುತ್ತಿದ್ದಳು. ಗಂಗಾಳ, ಎಂದಳು. ಚರಗಿ, ಎಂದಳು. ಆಮೇಲೆ ಏನನ್ನೋ ತಟ್ಟಿ ತಟ್ಟಿ, "ಇದು... ಇದು..." ಎಂದಳು. ಸದ್ದಿನಿಂದ ನನಗೆ ತಿಳಿಯಿತು. "ಹಂಚು" ಎಂದೆ. "ಹಂಚು" ಎಂದು ಅವಳು ತಿರುಗಿ ಹೇಳಿದಳು, ಪಾಠ ಒಪ್ಪಿಸಿದಂತೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ತಟ್ಟಿದಳು. ಮತ್ತೆ ಹೇಳಿದೆ. ಮೂರನೆಯ ಸಲ ಅವಳು ಗಂಗಾಳವನ್ನೂ ಕೇಳಿದಳು.

"ಮುರಿಗೆವ್ವಾ" ಎಂದು ಕರೆದೆ.

ತಡವಾಗಿ, ದೂರದಿಂದ, "ಓ" ಎಂದಳು.

ಗುರುಪಾದ ನನ್ನ ಕೈ ಹಿಡಿದುಕೊಂಡ. "ಭಾವಾರ, ಆ ಜ್ವರಾ ನಮ್ಮ ಮನ್ಯಾಗ ಎಲ್ಲಾರಿಗೂ ನೆನಪೈತ್ರಿ. ನೀವು ಕೇಳ್ಕೊಂಡಿದ್ದಕ್ಕ ಅಕ್ಕ ಇಷ್ಟು ದಿನಾ ಇದ್ಳು ಅಂತ ಅವ್ವ ಸಾಯೂತನಕ ಹೇಳ್ತಿದ್ಳು. ಈಗ ಬಿಡ್ರಿ. ಆಕಿಗೆ ಇನ್ನ ಜ್ವರಾ ಬರಂಗಿಲ್ಲ." ಅವನು ಆ ಮಾತನ್ನು ಸಮಾಧಾನಕ್ಕೆ ಹೇಳಿದ. ನನಗೆ ಅದು ಅವಳು ಸತ್ತ ಸುದ್ದಿಯನ್ನು ಮೊದಲ ಬಾರಿಗೆ ಹೇಳಿದಂತೆ ಕೇಳಿತು.

ಬೆಳಗಾಯಿತು. ಜಳಕ ಮಾಡಿ, ಹಣೆಗೆ, ತೋಳಿಗೆ ವಿಭೂತಿ ಧರಿಸಿ, ಪಡಸಾಲೆಯ ನಡುವೆ ಮಣೆ ಹಾಕಿಕೊಂಡು ಕುಳಿತೆ. ಎರಡೂ ಬಾಗಿಲು ತೆರೆದೇ ಇದ್ದವು. ಯಾರೂ ಅತ್ತ ಹೋಗಲಿಲ್ಲ. ಗೋಡೆಯ ಸಾಲು ಅಂಚಿನಿಂದ ಬೆಳ್ಳಗೆ ಒಣಗುತ್ತ ಬರುತ್ತಿತ್ತು. ಲಿಂಗವನ್ನು ಅಂಗೈಯಲ್ಲಿ ಇಟ್ಟು, ನೀರೆರೆದು, ಪತ್ರೆ ಏರಿಸಿ, ಕಣ್ಣು ನೆಟ್ಟು ಕುಳಿತೆ. ಬೇಡುವ ಹೊತ್ತು ಬಂತು.

ನಾಲಿಗೆ ತಾನೇ ಆ ಮಾತಿನ ಕಡೆ ಹೊರಟಿತು. ಮುರಿಗೆವ್ವನ, ಎಂದೂ ಬಿಟ್ಟಿತು. ಅಲ್ಲಿ ತಡೆದೆ. ತಡೆದಾಗ ಎದೆಯೊಳಗೆ ಏನೋ ಕಿತ್ತಂತಾಯಿತು, ಹಳೆಯ ಗೂಟವನ್ನು ನೆಲದಿಂದ ಅಲುಗಿಸಿದ ಹಾಗೆ. ಮುಂದಿನ ಮಾತು ನನ್ನ ಬಳಿ ಇರಲಿಲ್ಲ. ಗೋಡೆ ಒಣಗುತ್ತಿತ್ತು. ಹಿತ್ತಿಲ ಹೊಸ್ತಿಲ ಮೇಲೆ ಬಳೆಯ ಸದ್ದು ಆಯಿತು. ಮುಂಬಾಗಿಲ ಹೊಸ್ತಿಲ ಮೇಲೆ ಅದೇ ಸದ್ದು ಆಯಿತು. ನಾನು ಯಾವ ಕಡೆಗೂ ತಿರುಗಲಿಲ್ಲ.

"ತಂದೆ" ಎಂದೆ. "ಇನ್ನು ನಿನ್ನ ಕೂಡ ಏನು ಮಾತಾಡಬೇಕೋ ನನಗ ತಿಳೀವಲ್ದು. ಆಕಿ ಸತ್ತಾಳ."

ಅದು ಬೇಡಿಕೆ ಅಲ್ಲ. ಆದರೂ ನಾನು ಅವನ ಮುಂದೆ ಹಿಂದೆಂದೂ ಆಡದ ಮಾತು. ಗೋಡೆ ಒಂದು ಉಸಿರಿನಲ್ಲಿ ಸಾಲನ್ನು ಒಳಗೆ ಎಳೆದುಕೊಂಡಿತು. ಎರಡೂ ಹೊಸ್ತಿಲ ಮೇಲಿನ ಸದ್ದು ನಿಂತಿತು. ನನ್ನ ನೆತ್ತಿಯ ಮೇಲೆ ಯಾರೋ ತಣ್ಣನೆಯ ಕಡ್ಡಿಯನ್ನು ಅಡ್ಡ ಇಟ್ಟಂತಾಯಿತು. ಅಂದಿನಿಂದ ಅದು ಅಲ್ಲೇ ಇದೆ.

ಒಳಗಿನಿಂದ ಅವಳ ದನಿ ಬಂತು. ಚೂಪಿಲ್ಲ, ಎಳಸಿಲ್ಲ. ಹೆಚ್ಚುಕಡಿಮೆ ಅವಳದೇ ದನಿ, ನೆಲೆಗೆ ನಿಂತದ್ದು.

"ಯಾರೋ ಬಂದಾರ. ಹಸದು ಬಂದಂಗ ಕಾಣ್ತೈತಿ. ಕುಂದರ್ರೀ, ಒಂದು ತುತ್ತು ಉಂಡು ಹೋಗೀರಂತ."

ಗುರುಪಾದ, "ಅಕ್ಕಾ, ಭಾವಾರು ಅದಾರ" ಎಂದು ಕೂಗಿದ. ನಾನು ಕೈಯೆತ್ತಿ ಅವನನ್ನು ಸುಮ್ಮನಾಗಿಸಿದೆ. ಅವಳಿಗೆ ಇನ್ನು ಏನನ್ನೂ ಹೇಳಿಕೊಡುವಂತಿಲ್ಲ. ಅಡಿವೆಪ್ಪ ಯಾರೆಂಬುದು ಅವಳಿಂದ ಹೋಗಿತ್ತು, ತನ್ನ ಮದುವೆಯೂ ಹೋಗಿತ್ತು. ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಬಾರದೆಂಬುದು ಉಳಿದಿತ್ತು. ಅಷ್ಟು ಉಳಿದಿದ್ದಾಗ ಗೆರೆ ಇಳಿದಿತ್ತು.

ಈಗ ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಅಷ್ಟನ್ನೇ ಹೇಳುತ್ತಾಳೆ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ದನಿಯ ಏರಿಳಿತವೂ ಅದೇ. ಬದಲಾಗುವವನು ನಾನು. ಮುಂಜಾನೆಯ ಬೂದಿಯ ಕೆಲಸ ಕೆಲವು ದಿನ ಮೈಗೆ ಆಗುವುದಿಲ್ಲ. ಒಂದು ಹಲ್ಲು ಬಿತ್ತು. ನಡೆಯದ ಓಣಿಗಳಲ್ಲಿ ನಡೆಯುತ್ತೇನೆ. ಒಂದು ದಿನ ಶಿವನ ಮೇಲೆ ಸಿಟ್ಟು ಮಾಡಿ ಪೂಜೆಯನ್ನು ಅರ್ಧಕ್ಕೆ ಬಿಟ್ಟು ಎದ್ದೆ. ಮರುದಿನ ಹೋಗಿ ಕುಳಿತೆ. ಅವಳ ಮುಖದ ಮೇಲಿನ ಮಚ್ಚೆ ಎಲ್ಲಿತ್ತೆಂದು ಹೋದ ತಿಂಗಳು ಗಟ್ಟಿಯಾಗಿ ಹೇಳುತ್ತಿದ್ದೆ, ಈಗ ಸ್ವಲ್ಪ ಯೋಚಿಸಬೇಕು. ಕಳೆಯುವ ಚಿಹ್ನೆ ತನ್ನ ಕೆಲಸ ಮಾಡುತ್ತಿದೆ.

ಪ್ರತಿದಿನ ಬೇರೆ ಏನನ್ನಾದರೂ ಬೇಡಬೇಕು. ಒಂದು ದಿನ ಗುರುಪಾದನ ಕಾಲುನೋವಿಗೆ, ಒಂದು ದಿನ ಗಾಣಿಗೇರ ಓಣಿಯ ಕೂಸಿಗೆ, ಒಂದು ದಿನ ಮಳೆಗೆ. ಬೇಡಿಕೆಗಳು ಮುಗಿದುಹೋಗುತ್ತವೇನೋ ಎಂಬ ಹೆದರಿಕೆ ಮೊದಲು ಇತ್ತು. ಈಗ ಇಲ್ಲ. ಇವತ್ತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೇಳಿದ್ದು ಇಷ್ಟು: ಮಧ್ಯಾಹ್ನ ಅವಳು ಕರೆಯುವ ಹೊತ್ತಿಗೆ ನನಗೆ ನಿಜವಾಗಿ ಹಸಿವಾಗಿರಲಿ.